ಸರದಿ ತಪ್ಪಿದ ರೆಕಾರ್ಡು

ಮರ್ವಿನ್ ಪಾಕೆಟ್ ಕೆಟ್ಟವನಲ್ಲ. ಇಂಗ್ಲೆಂಡಿನ ಕೆಟರಿಂಗ್ ಊರಿನ ಪೇಟೆಯ ಬೂಟಿನಂಗಡಿಯಲ್ಲಿ ಬೆಳಗಿನಿಂದ ಸಂಜೆಯವರೆಗೆ ಕಂಡವರ ಕಾಲಬುಡದಲ್ಲಿ ಮಂಡಿಯೂರಿ ಕೂರುವ ಕೆಲಸ ಅವನದು. ‘ಬಿಗಿ’ ಎಂದರೆ ‘ಹೌದು ಮೇಡಂ’ ಎನ್ನುತ್ತಿದ್ದ, ‘ಸಡಿಲ’ ಎಂದರೆ ‘ಹೌದು ಸರ್’ ಎನ್ನುತ್ತಿದ್ದ. ಒಂದೇ ಜೋಡಿಯನ್ನು ಹೆಂಡತಿ ಬಿಗಿಯೆಂದು, ಗಂಡ ಸಡಿಲವೆಂದು ಜಗಳಕ್ಕಿಳಿದರೆ ಇಬ್ಬರಿಗೂ ಹೌದೆಂದು ಹೇಳಿ, ಬೂಟು ಮಾರಿ ಕಳಿಸುತ್ತಿದ್ದ. ಇಂಥ ಸಾಧುಪ್ರಾಣಿ ಒಂದು ದಿನ ಕೇಳಬಾರದ ಭಂಗಿಯಲ್ಲಿ ಒಂದು ಪ್ರಶ್ನೆ ಕೇಳಿ, ಮನೆಮಂದಿಯ ಜೊತೆಗೆ ನೆರೆಹೊರೆಯ ನೆಮ್ಮದಿಯನ್ನೂ ಕೆಡಿಸಿದ.

ಅಂಗಡಿ ಮುಚ್ಚಿದ ಮೇಲೆ ಅವನು ಕೊಳಲು ಊದುತ್ತಿದ್ದ. ‘ಬೃಹಸ್ಪತಿಯ ಛತ್ರಿ’ ಎಂಬುದು ಅವನ ತಂಡ, ಅಭ್ಯಾಸ ಅವನ ಮನೆಯ ಗ್ಯಾರೇಜಿನಲ್ಲಿ. ಆ ತಂಡದ ಒಂದು ಹಾಡು ಶುರುವಾದಾಗ ನೀವು ಎದ್ದುಹೋಗಿ, ನೀರು ಕಾಸಿ, ಟೀ ಕುಡಿದು, ಬಟ್ಟಲು ತೊಳೆದಿಟ್ಟು ಬಂದರೂ ಅದೇ ಹಾಡು ನಡೆದಿರುತ್ತಿತ್ತು. ತಾಳ ಒಮ್ಮೆ ಏಳೆಣಿಕೆ, ಒಮ್ಮೆ ಹನ್ನೊಂದೆಣಿಕೆ. ಕಾಲಲ್ಲಿ ತಾಳ ಹಾಕಹೋದವನು ಕುಂಟನಾಗಬೇಕು. ಇದಕ್ಕೆ ಪ್ರೋಗ್ರೆಸ್ಸಿವ್ ರಾಕ್ ಎಂದು ಹೆಸರು. ಪಕ್ಕದ ಮನೆಯ ನಿವೃತ್ತ ರೈಲ್ವೆ ನೌಕರ ಹಾಬ್ಡೆ, ಗ್ಯಾರೇಜಿನ ಗೋಡೆಗೇ ತಾಗಿದ ಮಲಗುವ ಕೋಣೆಯ ದುರದೃಷ್ಟವಂತ, ಅದರ ಅರ್ಥವನ್ನು ಬೀದಿಗೆಲ್ಲ ವಿವರಿಸಿದ್ದ: “ಪ್ರೋಗ್ರೆಸ್ಸು ಅಂದ್ರೆ ಮುಂದುವರಿಯೋದು. ಮುಂದುವರೀತಾನೇ ಇರುತ್ತೆ, ನಿಲ್ಲಲ್ಲ. ಅದಕ್ಕೇ ಆ ಹೆಸರು.”

ತಂಡದ ಯಜಮಾನ ಟೆರೆನ್ಸ್ ಆಡಿ. ಪ್ರಾರ್ಥನಾ ಮಂದಿರದಲ್ಲಿ ಆರ್ಗನ್ ನುಡಿಸುತ್ತಿದ್ದವನು, ಈಗ ಬೆಳ್ಳಿ ನಕ್ಷತ್ರಗಳ ನಿಲುವಂಗಿ ತೊಟ್ಟು ಮೂರು ಆರ್ಗನ್‌ಗಳ ನಡುವೆ ನಿಲ್ಲುತ್ತಿದ್ದ. ಬಿಡಿ ಹಾಡುಗಳು ಅಂಗಡಿಯವರಿಗೆ, ನಾವು ಒಂದಿಡೀ ಕಾದಂಬರಿಯನ್ನೇ ಎರಡು ರೆಕಾರ್ಡಿನ ನಾಲ್ಕು ಬದಿಗಳಲ್ಲಿ ಹಾಡೋಣ ಎಂದು ಅವನೇ ಅಪ್ಪಣೆ ಕೊಡಿಸಿದ. ಆರಿಸಿದ ಕಾದಂಬರಿ ‘ಉದ್ದ ಸಾಲು’. ಮುಂದೊಂದು ಕಾಲದಲ್ಲಿ ಇಡೀ ಇಂಗ್ಲೆಂಡೇ ಒಂದು ಕ್ಯೂ. ಹುಟ್ಟಿದವರೆಲ್ಲ ಸಾಲಿನಲ್ಲೇ ಬೆಳೆದು, ಸಾಲಿನಲ್ಲೇ ಮುದುಕರಾಗುತ್ತಾರೆ. ಹಿಂದೆ ತಿರುಗಿದವನಿಗೆ ಶಿಕ್ಷೆ. ಮುಂದಿರುವ ಕಿಟಕಿಯಲ್ಲಿ ಏನು ಕೊಡುತ್ತಾರೆಂದು ಯಾರಿಗೂ ಗೊತ್ತಿಲ್ಲ, ಕೇಳುವುದು ಅಸಭ್ಯ. ಕೊನೆಯ ಪುಟದಲ್ಲಿ ನಾಯಕ ಕಿಟಕಿ ಮುಟ್ಟುತ್ತಾನೆ, ಅಲ್ಲಿ ‘ಊಟದ ಬಿಡುವು’ ಎಂಬ ಹಲಗೆ ನೇತಾಡುತ್ತಿರುತ್ತದೆ.

ಬರೆದವರು ಮಿಸ್ ಹೆಸ್ಟರ್ ಡನ್‌ವುಡಿ. ಊರಾಚೆಯ ಹಳ್ಳಿಯಲ್ಲಿ ಒಬ್ಬರೇ ಇದ್ದರು. ಕೊನೆಯನ್ನು ಕೊಂಚ ಹಿತವಾಗಿ ಮಾಡೋಣವೇ ಎಂದು ಕೇಳಲು ಬಂದ ಸಿನಿಮಾದವನ ಟೋಪಿಗೆ ಬಿಸಿ ಟೀ ಸುರಿದು, ಅದೇ ಟೋಪಿಯನ್ನು ಅವನ ತಲೆಗಿಟ್ಟು ಕಳಿಸಿದ್ದರಂತೆ.

ಅವರೇ ಒಂದು ಶನಿವಾರ ಅಂಗಡಿಗೆ ಬಂದುಬಿಟ್ಟರು. ಮರ್ವಿನ್ ಅವರ ಹಳೆಯ ಕಂದು ಬೂಟು ಬಿಚ್ಚಿ ನೆಲಕ್ಕಿಟ್ಟ. ಗಡಿಬಿಡಿಯಲ್ಲಿ ಅವನ ಕಿಸೆಯಿಂದ ‘ಉದ್ದ ಸಾಲು’ ಜಾರಿ ಆ ಬೂಟಿನ ಪಕ್ಕದಲ್ಲೇ ಬಿತ್ತು. ಇದಕ್ಕಿಂತ ಒಳ್ಳೆಯ ಮುಹೂರ್ತ ಬೇಕೇ? ಅವರು ಹೊಸ ಬೂಟನ್ನು ಕನ್ನಡಿಯಲ್ಲಿ ನೋಡಿಕೊಳ್ಳುತ್ತಿದ್ದಾಗ ಮರ್ವಿನ್ ನೆಲದ ಕಡೆ ಕೈತೋರಿಸಿ, “ಮೇಡಂ, ಇದನ್ನ ನಾನು ತಗೊಂಡು ನಮ್ಮ ರೀತೀಲಿ ಏನಾದ್ರೂ ಮಾಡ್ಕೋಬಹುದಾ?” ಎಂದ.

ಅವರು ಕನ್ನಡಿಯಿಂದ ಕಣ್ಣು ಕೀಳಲಿಲ್ಲ. “ಮಾಡ್ಕೊಳ್ಳಪ್ಪ. ನನ್ನ ಪಾಲಿಗೆ ಅದರ ಕಥೆ ಮುಗೀತು. ಅಟ್ಟೆ ಕಿತ್ತು ಹೊಸದು ಹಾಕ್ಸು. ಹಿಮ್ಮಡಿ ಬೇಕಾದ್ರೂ ಬದಲಾಯ್ಸು.”

ಅಂದು ಸಂಜೆ ಗ್ಯಾರೇಜಿನಲ್ಲಿ ಟೆರೆನ್ಸ್ ಈ ಮಾತುಗಳನ್ನು ಮೂರು ಸಲ ಹೇಳಿಸಿಕೊಂಡು ಕಣ್ಣು ಮುಚ್ಚಿದ.

“ಹಿಮ್ಮಡಿ ಬದಲಾಯ್ಸು ಅಂದ್ರಾ? ಆಹಾ! ದೊಡ್ಡ ಲೇಖಕರು ಹೀಗೇ ಕಣೋ, ನೇರವಾಗಿ ಮಾತಾಡಲ್ಲ. ಹಿಮ್ಮಡಿ ಅಂದ್ರೆ ಏನು? ಕೊನೆ! ಕೊನೆ ಬದಲಾಯ್ಸೋಕೆ ಅಪ್ಪಣೆ ಸಿಕ್ತು!”

“ಹಾಗಂತೀಯಾ?” ಎಂದ ಮರ್ವಿನ್. ಟೆರೆನ್ಸ್ ಹಾಗಂದಿದ್ದ. ಆದ್ದರಿಂದ ಹಾಗೇ ಆಯಿತು.

ಟೆರೆನ್ಸನ ಹೊಸ ಕೊನೆಯಲ್ಲಿ ಹಲಗೆಯಿರಲಿಲ್ಲ. ಕಿಟಕಿ ಒಡೆಯುತ್ತದೆ, ಮಂದಿರದ ಗಾಯಕವೃಂದ ಕೂಗುತ್ತದೆ, ಜಾಗಟೆ ಮೊಳಗುತ್ತದೆ, ಜನ ಸಾಲು ಮುರಿದು ಸ್ವತಂತ್ರರಾಗುತ್ತಾರೆ. ನಾಲ್ಕನೇ ಬದಿ ಪೂರ್ತಿ ಇದೇ. ಎರಡು ಮತ್ತು ಮೂರನೇ ಬದಿಯ ಸಾಹಿತ್ಯ ಮರ್ವಿನನದು. ನಾಯಕ ಮುಂದೆ ನಿಂತ ಹುಡುಗಿಯ ಕತ್ತನ್ನಷ್ಟೇ ನೋಡಿ ಪ್ರೀತಿಸುವುದು, ಸಾಲು ಬಿಟ್ಟ ತಪ್ಪಿಗೆ ಎಲ್ಲರಿಗಿಂತ ಹಿಂದಕ್ಕೆ ಹೋಗಿ ಮತ್ತೆ ನಿಲ್ಲುವುದು. ಅವನ್ನು ಬರೆಯುವಾಗ ಮರ್ವಿನನಿಗೆ ಊಟ ಸೇರುತ್ತಿರಲಿಲ್ಲ. ಹಾಗೆ ಎರಡು ವರ್ಷ ಕಳೆಯಿತು.

ಅಷ್ಟರಲ್ಲಿ ಅವನ ಅತ್ತೆ ಐಡಾ ಕಟುಕನಂಗಡಿಯಿಂದ ಅಂಚೆ ಕಚೇರಿಯವರೆಗೆ ಸುದ್ದಿ ಮುಟ್ಟಿಸಿಯಾಗಿತ್ತು. “ನಮ್ಮಳಿಯಂದ್ರೂ ಡನ್‌ವುಡಿ ಮೇಡಮ್ಮೂ ತುಂಬಾ ಬೇಕಾದೋರು. ಅವರ ಕಾದಂಬರಿ ಇವನಿಗೇ ಬರ್ಕೊಟ್ಟುಬಿಟ್ಟಿದಾರೆ.” ಹೀಗೆ ದೊಡ್ಡಮನುಷ್ಯನಾದವನು ಇನ್ನೊಬ್ಬರ ಕಾಲು ಮುಟ್ಟುವುದು ಸರಿಯೇ ಎಂದು ಅವರೇ ಕಿವಿಯೂದಿದ್ದರಿಂದ ಮರ್ವಿನ್ ಬೂಟಿನಂಗಡಿಯ ಕೆಲಸವನ್ನೂ ಬಿಟ್ಟ. ಬಿಟ್ಟ ವಾರವೇ ಲಂಡನ್ನಿನ ರೆಕಾರ್ಡು ಕಂಪನಿಯ ಸ್ಪಿಂಕ್ಸ್ ಎಂಬಾತ ಬಿಳಿ ಲಕೋಟೆಯಲ್ಲಿ ಮಾದರಿ ರೆಕಾರ್ಡುಗಳನ್ನು ಹಿಡಿದು ಮನೆಗೆ ಬಂದ.

“ಎಲ್ಲಾ ಸರಿ. ಆ ಲೇಖಕಿ ಸಹಿ ಎಲ್ಲಿ?”

“ಬಾಯಿಮಾತಲ್ಲಿ ಆಗಿದೆ ಸರ್.”

“ಕೋರ್ಟಲ್ಲಿ ಬಾಯಿಮಾತನ್ನ ಕೊಳಲಲ್ಲಿ ಊದಿ ತೋರಿಸ್ತೀಯೇನಯ್ಯಾ?” ಸ್ಪಿಂಕ್ಸನ ಮುಖ ಬೀಟ್ರೂಟಿನ ಬಣ್ಣಕ್ಕೆ ತಿರುಗಿತು. “ನಾಳೆ ಸಂಜೆಯೊಳಗೆ ಸಹಿ ಇಲ್ಲ ಅಂದ್ರೆ ಸೋಮವಾರ ನಿಮ್ಮ ಟೇಪು ಅಳಿಸಿಬಿಡ್ತೀವಿ. ಒಬ್ಬ ವಿದೂಷಕ ಕ್ರಿಸ್‌ಮಸ್ ಹಾಡು ಹಾಡೋಕೆ ಖಾಲಿ ಟೇಪಿಗೆ ಕಾಯ್ತಾ ಕೂತಿದಾನೆ.”

ಮರ್ವಿನನ ಎರಡು ವರ್ಷದ ದುಡಿಮೆಯ ಮೇಲೆ ಯಾರೋ ‘ಹೋ ಹೋ ಹೋ’ ಎಂದು ನಗಲಿದ್ದರು.

ಮರುದಿನ ಹಾಬ್ಡೆಯ ಹಳೆಯ ವ್ಯಾನಿನಲ್ಲಿ ಆರು ಜನ ಹೊರಟರು. ರೆಕಾರ್ಡು ಹೊರಬಂದರೆ ತಂಡ ಗ್ಯಾರೇಜು ಬಿಟ್ಟು ಲಂಡನ್ನಿಗೆ ಹೋಗುತ್ತದೆಂದು ಯಾರೋ ಹಾಬ್ಡೆಗೆ ಆಸೆ ತೋರಿಸಿದ್ದರು. ಐಡಾ ‘ಬೇಕಾದೋರನ್ನ’ ನೋಡಲು ಟೋಪಿ ಹಾಕಿಕೊಂಡು ಕೂತಿದ್ದರು. ಮರ್ವಿನನ ಹೆಂಡತಿ ಬೆರಿಲ್ ದಾರಿಯಲ್ಲಿ ಸರಿಯಾದ ಪ್ರಶ್ನೆ ಕೇಳಿದಳು.

“ಕೊನೆ ಬದಲಾಯ್ಸಿರೋದು ಅವರಿಗೆ ಗೊತ್ತಾ?”

ಮರ್ವಿನ್ ಬಗ್ಗಿ ಬೂಟಿನ ಲಾಡಿ ಬಿಗಿಮಾಡಿಕೊಂಡ.

“ಅಪ್ಪಣೆ ಕೊಟ್ಟಿದಾರಲ್ಲ,” ಎಂದ ಟೆರೆನ್ಸ್, ಸ್ವಲ್ಪ ಸಣ್ಣ ದನಿಯಲ್ಲಿ.

ಸ್ಪಿಂಕ್ಸ್ ವ್ಯವಹಾರಸ್ಥ. “ಯಾವ ಅಪ್ಪಣೇನೂ ನೆಚ್ಕೋಬೇಡಿ. ಮೂರು ಬದಿ ಕೇಳಿಸೋಣ. ಖುಷಿಯಾಗಿರ್ತಾರೆ, ಸಹಿ ಹಾಕಿಸ್ಕೊಳ್ಳೋಣ. ನಾಲ್ಕನೇದಕ್ಕೆ ಮುಂಚೆ ರೈಲಿಗೆ ಹೊತ್ತಾಯ್ತು ಅಂತ ಎದ್ದುಬಿಡೋಣ. ಅದು ಅವರ ಕಿವಿಗೆ ಬಿದ್ರೆ ನಾವು ಕೆಟ್ವಿ, ತಿಳೀತಾ?”

ಎಲ್ಲರಿಗೂ ತಿಳಿಯಿತು.

ಮಿಸ್ ಡನ್‌ವುಡಿ ಕೈಯಲ್ಲಿ ಗಿಡ ಕತ್ತರಿಸುವ ಕತ್ತರಿ ಹಿಡಿದೇ ಬಾಗಿಲು ತೆರೆದರು. ಮೆಟ್ಟಿಲ ಮೇಲೆ ನಿಂತ ಆರು ಜನರನ್ನೂ, ಹಗಲಲ್ಲೇ ಮಿನುಗುವ ನಿಲುವಂಗಿಯನ್ನೂ ನೋಡಿ, “ಯಾರು ಸತ್ರು?” ಎಂದರು.

ಮರ್ವಿನ್ ತೊದಲುತ್ತ ಎಲ್ಲ ಹೇಳಿದ. ಅವರ ಹುಬ್ಬು ಮೇಲಕ್ಕೇರುತ್ತಾ ಹೋಯಿತು.

“ನಾನು ಕೊಟ್ಟಿದ್ದು ಹಳೇ ಬೂಟು ಕಣಯ್ಯ!”

“ಬೂ... ಬೂಟಾ ಮೇಡಂ?”

“ಅಟ್ಟೆ, ಹಿಮ್ಮಡಿ ಅಂದ್ನಲ್ಲ! ಕಾದಂಬರಿಗೆ ಯಾವನಾದ್ರೂ ಅಟ್ಟೆ ಹಾಕಿಸ್ತಾನೇನೋ?”

ಹಾಬ್ಡೆ ಒಳಗೊಳಗೇ ನಕ್ಕ. ಟೆರೆನ್ಸ್ ತನ್ನ ನಕ್ಷತ್ರಗಳನ್ನು ಎಣಿಸತೊಡಗಿದ. ಐಡಾ ಅಳಿಯನಿಂದ ಎರಡು ಹೆಜ್ಜೆ ದೂರ ಸರಿದು, ಹಳೆಯ ಪರಿಚಯವೇನಿಲ್ಲವೆಂಬಂತೆ ಗುಲಾಬಿ ಗಿಡ ನೋಡಿದರು. ಸ್ಪಿಂಕ್ಸ್ ಆಗಲೇ ಒಪ್ಪಿಗೆಯ ಕಾಗದ ಮಡಚುತ್ತಿದ್ದ. ಮರ್ವಿನ್ ಇಂಗು ತಿಂದ ಮಂಗನಂತೆ ನಿಂತಿದ್ದ.

ಬೆರಿಲ್ ಮುಂದೆ ಬಂದಳು. “ತಪ್ಪು ನಮ್ದೇ ಮೇಡಂ. ಇವನಿಗೆ ನೆಟ್ಟಗೆ ಮಾತಾಡೋಕೆ ಬರಲ್ಲ. ಆದ್ರೆ ನಿಮ್ಮ ಪುಸ್ತಕಾನ ಬೈಂಡು ಕಿತ್ತೋಗೋವಷ್ಟು ಓದಿದಾನೆ. ಒಂದ್ಸಲ ಕೇಳಿ. ಕೇಳಿ ಆಮೇಲೆ ಒದ್ದು ಓಡಿಸಿ.”

“ಒದೆಯೋಕೆ ಗಟ್ಟಿ ಬೂಟು ಅದೊಂದೇ ಇತ್ತು, ಅದೂ ಇವನ ಪಾಲಾಯ್ತು,” ಎನ್ನುತ್ತ ಮಿಸ್ ಡನ್‌ವುಡಿ ಕತ್ತರಿ ಕೆಳಗಿಟ್ಟರು. “ಬನ್ನಿ. ಕಾಲು ಒರೆಸ್ಕೊಳ್ಳಿ.”

ಒಳಗೆ ಹೋಗುತ್ತಲೇ ಸ್ಪಿಂಕ್ಸನ ಕಣ್ಣು ಮೂಲೆಯ ಗ್ರಾಮಫೋನಿನ ಮೇಲೆ ಬಿತ್ತು. ಅವನ ಬಣ್ಣ ಇಳಿದುಹೋಯಿತು. ಮರ್ವಿನನ ತೋಳು ಹಿಡಿದು ಕಿವಿಯಲ್ಲಿ, “ಕೆಟ್ವಿ,” ಎಂದ.

“ಯಾಕೆ ಸರ್?”

“ಇದು ಒಂದೊಂದೇ ರೆಕಾರ್ಡು ಹಾಕೋ ಹಳೇ ಪೆಟ್ಟಿಗೆ. ನಾವು ಮಾಡ್ಸಿರೋದು ತಾನೇ ಬೀಳಿಸೋ ಮಿಷನ್ನಿಗೆ. ಅದರಲ್ಲಿ ಮೊದಲನೇ ರೆಕಾರ್ಡು ಮುಗಿದ ತಕ್ಷಣ ಎರಡನೇದು ಅದರ ಮೇಲೆ ಬೀಳುತ್ತೆ, ಆಮೇಲೆ ಎರಡನ್ನೂ ಒಟ್ಟಿಗೆ ಮಗುಚಿ ಹಾಕೋದು. ಅದಕ್ಕೇ ಎರಡು, ಮೂರನೇ ಬದಿ ಎರಡನೇ ರೆಕಾರ್ಡಲ್ಲಿವೆ. ಮೊದಲನೇದರ ಬೆನ್ನಿಗೆ ಯಾವುದಿದೆ ಗೊತ್ತಾ?”

ಮರ್ವಿನ್ ಬೆರಳು ಮಡಚಿ ಲೆಕ್ಕ ಹಾಕಿದ. ನಾಲ್ಕನೇ ಬದಿ.

“ಅವರು ಮೊದಲನೇದನ್ನ ತಿರುಗಿಸಬಾರದು. ನೀನೇ ನಿಂತು ಹಾಕು.”

“ಮೇಡಂ, ನಾನೇ ಹಾಕ್ಲಾ?”

“ನನ್ನ ಗ್ರಾಮಫೋನ್ ಮುಟ್ಟಿದೋನ ಕೈ ಮುರೀತೀನಿ. ಕೂತ್ಕೋ.”

ಮಾದರಿ ರೆಕಾರ್ಡಿನ ಮೇಲೆ ಹೆಸರಿಲ್ಲ, ಬರಹವಿಲ್ಲ, ಬರೀ ಬಿಳಿ ಕಾಗದ. ಒಂದರ ಮೇಲೆ ಸ್ಪಿಂಕ್ಸ್ ಪೆನ್ಸಿಲಿನಲ್ಲಿ ‘ಮೊದಲು’ ಎಂದು ಗೀಚಿದ್ದ, ಅಷ್ಟೇ. ಮಿಸ್ ಡನ್‌ವುಡಿ ಅದನ್ನಿಟ್ಟು, ಮುಳ್ಳು ಇಳಿಸಿ, ಉಣ್ಣೆಯ ಮುಸುಕು ಹೊದಿಸಿದ ಟೀ ಪಾತ್ರೆ ಹತ್ತಿರ ಎಳೆದುಕೊಂಡು ಕಣ್ಣು ಮುಚ್ಚಿದರು.

ಮೊದಲ ಬದಿ ಚೆನ್ನಾಗಿಯೇ ಹೋಯಿತು. ಮಗುವೊಂದು ಸಾಲಿನಲ್ಲಿ ಹುಟ್ಟಿತು, ಆರ್ಗನ್ ಅತ್ತಿತು. ಡನ್‌ವುಡಿಯವರ ಬೆರಳು ಕುರ್ಚಿಯ ತೋಳಿನ ಮೇಲೆ ಏಳೆಣಿಕೆಯ ತಾಳವನ್ನು ತಪ್ಪದೆ ಹಿಡಿಯಿತು. ಮರ್ವಿನನಿಗೆ ಆ ಸಂತೋಷವೂ ದಕ್ಕಲಿಲ್ಲ. ಮುಳ್ಳು ರೆಕಾರ್ಡಿನ ನಡುವಿಗೆ ಸರಿಯುವುದನ್ನೇ ಅವನು ನೋಡುತ್ತಿದ್ದ. ಕೊನೆಯ ಗೆರೆ ಬಂತು, ಡನ್‌ವುಡಿ ಮುಳ್ಳು ಎತ್ತಿದರು. ಅವರು ರೆಕಾರ್ಡು ಕೈಗೆತ್ತಿಕೊಂಡು ತಿರುಗಿಸಿದರು.

“ಮೇಡಂ!” ಮರ್ವಿನ್ ಎದ್ದೇಬಿಟ್ಟ. “ಈಗ, ಈಗ ಆ ಇನ್ನೊಂದು ಹಾಕಿದ್ರೆ...”

“ಯಾಕೆ?”

ಅದೇ ತಾನೆ, ಯಾಕೆ? ಐದು ಜೊತೆ ಕಣ್ಣು ಅವನ ಬೆನ್ನಿಗೆ ಚುಚ್ಚಿಕೊಂಡವು.

“ರೆಕಾರ್ಡು ಬಿಸಿಯಾಗಿರುತ್ತೆ,” ಎಂದ ಮರ್ವಿನ್.

“ನನ್ನ ಮನೇಲಿ ಒಂದು ಪುಟ ಓದಿದ್ಮೇಲೆ ಅದರ ಬೆನ್ನಿಗಿರೋ ಪುಟಾನೇ ಓದೋದು. ಕೂತ್ಕೊಳ್ಳೋ.”

ಮುಳ್ಳು ಇಳಿಯಿತು. ಟೆರೆನ್ಸನ ಮೂರೂ ಆರ್ಗನ್‌ಗಳು ಒಟ್ಟಿಗೆ ಗುಡುಗಿದವು. ಗಾಯಕವೃಂದ ಕೂಗಿತು. ಸ್ಪಿಂಕ್ಸ್ ಕಿಟಕಿಯಿಂದ ವ್ಯಾನು ಎಷ್ಟು ದೂರವಿದೆಯೆಂದು ನೋಡಿದ. ಆಮೇಲೆ ಕಿಟಕಿ ಒಡೆಯುವ ಘಳಿಗೆ. ನಿಜವಾದ ಗಾಜಿನ ಸದ್ದು ಕೋಣೆಯಲ್ಲೆಲ್ಲ ಚೆಲ್ಲಿತು. ಹಾಬ್ಡೆ ನೆಟ್ಟಗೆ ಕುಳಿತ.

“ಏಯ್! ಅದು ನನ್ನ ಟೊಮೆಟೊ ಗಾಜಿನಮನೆ!”

“ಶ್!” ಎಂದಳು ಬೆರಿಲ್.

“ಆಲಿಕಲ್ಲು ಬಿತ್ತು ಅಂದಿದ್ರಲ್ಲೋ! ಒಡೆದೋರು ನೀವೇನಾ, ಕಳ್ರಾ!”

“ಕಲೆ, ಹಾಬ್ಡೆಯವರೇ, ಕಲೆ,” ಎಂದು ಟೆರೆನ್ಸ್ ಪಿಸುಗುಟ್ಟಿದ.

ಮಿಸ್ ಡನ್‌ವುಡಿ ಕಣ್ಣು ತೆರೆಯಲಿಲ್ಲ. ಆದರೆ ಬೆರಳು ನಿಂತುಹೋಗಿತ್ತು. ಜಾಗಟೆಯ ಕೊನೆಯ ಕಂಪನ ಇಂಗಿದ ಮೇಲೆ ಅವರು ನಿಧಾನವಾಗಿ ಬಾಗಿ ಟೀ ಪಾತ್ರೆ ಎತ್ತಿದರು. ಆವಿ ಏಳುತ್ತಿತ್ತು. ಐಡಾ ಎರಡೂ ಕೈಯಿಂದ ತಮ್ಮ ಟೋಪಿ ಹಿಡಿದುಕೊಂಡರು. ಟೆರೆನ್ಸ್ ನಿಲುವಂಗಿಯನ್ನು ತಲೆಯವರೆಗೆ ಎಳೆದುಕೊಂಡ. ಟೀ ಬಟ್ಟಲಿಗೆ ಬಿತ್ತು. ಅವರು ಒಂದು ಗುಟುಕು ಕುಡಿದು, “ಇನ್ನೊಂದು ಕೊಡು,” ಎಂದರು. ಮುಖದಲ್ಲಿ ಏನೂ ಕಾಣಲಿಲ್ಲ. ಅದೇ ಹೆಚ್ಚು ಭಯ ಹುಟ್ಟಿಸಿತು.

ಎರಡನೇ ರೆಕಾರ್ಡು. ಹುಡುಗಿಯ ಕತ್ತು, ಅದರ ಮೇಲೊಂದು ಮಚ್ಚೆ, ಆ ಮಚ್ಚೆಯನ್ನು ನೋಡುತ್ತ ನಿಂತ ಹುಡುಗ.

“ಮತ್ತೆ ಸಾಲು,” ಎಂದು ಮಿಸ್ ಡನ್‌ವುಡಿ ಗೊಣಗಿದರು. “ಸ್ವಾತಂತ್ರ್ಯ ಬಂತಲ್ಲ, ಮತ್ತೆ ಯಾಕೆ ಸಾಲಲ್ಲಿ ನಿಂತಿದಾರೆ ಇವರು?”

ಉತ್ತರ ಗೊತ್ತಿದ್ದವರಿಗೆ ಧೈರ್ಯವಿರಲಿಲ್ಲ.

ಅವರೇ ತಿರುಗಿಸಿ ಹಾಕಿದರು. ಮೂರನೇ ಬದಿಯ ಕೊನೆಯಲ್ಲಿ ಆರ್ಗನ್‌ಗಳೆಲ್ಲ ನಿಂತು ಮರ್ವಿನನ ಕೊಳಲೊಂದೇ ಉಳಿಯುತ್ತದೆ. ನಾಯಕ ಮೈಲಿಗಟ್ಟಲೆ ನಡೆದು ಸಾಲಿನ ಬಾಲ ಹುಡುಕಿ, ಟೋಪಿ ತೆಗೆದು, ಬಹಳ ವಿನಯದಿಂದ ಕೇಳುತ್ತಾನೆ: ‘ಕೊನೆಯವರು ನೀವೇನಾ?’ ಅಲ್ಲಿದ್ದವನು ಹೇಳುತ್ತಾನೆ: ‘ಇಷ್ಟು ಹೊತ್ತು ನಾನಾಗಿದ್ದೆ. ಬಂದಿರಲ್ಲ, ಉಪಕಾರವಾಯಿತು.’

ಮುಳ್ಳು ಖಾಲಿ ಗೆರೆಯಲ್ಲಿ ಕರಕರ ಎನ್ನುತ್ತಿತ್ತು. ಅದನ್ನು ಎತ್ತಲು ಯಾರೂ ಏಳಲಿಲ್ಲ. ಮಿಸ್ ಡನ್‌ವುಡಿಯವರ ಭುಜ ಅಲುಗುತ್ತಿತ್ತು. ಸಿಟ್ಟೋ ಅಳುವೋ ತಿಳಿಯದೆ ಸ್ಪಿಂಕ್ಸ್ ಬಾಗಿಲ ಹಿಡಿಗೆ ಕೈ ಹಾಕಿದ. ಅವರು ಕಣ್ಣೊರೆಸಿಕೊಂಡು ತಲೆಯೆತ್ತಿದಾಗ ನಗುತ್ತಲೂ ಇದ್ದರು.

“ಆ ಕೊನೆ ಎರಡು ಸಾಲು ನನ್ನ ಪುಸ್ತಕದಲ್ಲಿಲ್ಲ. ಯಾರ್ದು?”

“ನಂದು ಮೇಡಂ. ತಪ್ಪಾಗಿದ್ರೆ...”

“ಕಿಟಕಿ ಒಡೆದು, ಗೆದ್ದು, ಕೂಗಾಡಿ, ಆಮೇಲೆ ತಾವೇ ಬಂದು ‘ಕೊನೆಯವರು ಯಾರು’ ಅಂತ ಕೇಳ್ಕೊಂಡು ನಿಂತ್ಕೋತಾರೆ! ನಮ್ಮ ಜನ ಅಂದ್ರೆ ಇದೇ ಕಣೋ. ಊಟದ ಬಿಡುವು ಅನ್ನೋ ಹಲಗೆ ಯಾಕೆ ನೇತು ಹಾಕ್ದೆ ಗೊತ್ತಾ? ಬೇರೇನೂ ಹೊಳೀಲಿಲ್ಲ. ಮೂವತ್ತು ವರ್ಷದಿಂದ ಅದನ್ನ ಯಾರಾದ್ರೂ ಮುಟ್ಟಿದ್ರೆ ಮೈಯೆಲ್ಲ ಉರೀತಿತ್ತು, ಯಾಕಂದ್ರೆ ಅದು ಸೋತ ಜಾಗ ಅಂತ ನನಗೇ ಗೊತ್ತಿತ್ತು.”

ಸ್ಪಿಂಕ್ಸ್ ಬಾಗಿಲ ಹಿಡಿ ಬಿಟ್ಟು ಕಾಗದ ಬಿಡಿಸಿದ. “ನಮ್ಮ ಕಂಪನಿಯ ಉದ್ದೇಶವೇ ಅದಾಗಿತ್ತು ಮೇಡಂ.”

ಐಡಾ ಎರಡು ಹೆಜ್ಜೆ ಅಳಿಯನ ಹತ್ತಿರ ಬಂದರು.

ಇಷ್ಟಕ್ಕೇ ಮುಗಿದಿದ್ದರೆ ಎಲ್ಲ ಕ್ಷೇಮ. ಆದರೆ ಕಲಾವಿದನ ಹೊಟ್ಟೆಯಲ್ಲಿ ಕಿಚ್ಚಿರುತ್ತದಲ್ಲ. ಟೆರೆನ್ಸ್ ಜಿಗಿದು ನಿಂತ. “ಇಲ್ಲ! ಇದು ತಪ್ಪು ಸರದಿ! ನಂದು ನಾಲ್ಕನೇ ಬದಿ! ನೀವು ಅದನ್ನ ಎರಡನೇದಾಗಿ ಕೇಳಿದೀರಿ! ಜಾಗಟೆ ಹೊಡೆದ್ಮೇಲೆ ಇನ್ನೇನೂ ಇರಬಾರದು! ಕೊನೆಗೆ ಗೆಲ್ಲಬೇಕು, ಗೆದ್ದು ಮುಗೀಬೇಕು!”

ಸ್ಪಿಂಕ್ಸ್ ಅವನ ಕಾಲು ತುಳಿದ. ತಡವಾಗಿತ್ತು. ಮಿಸ್ ಡನ್‌ವುಡಿ ಎಲ್ಲರನ್ನೂ ಒಬ್ಬೊಬ್ಬರನ್ನಾಗಿ ನೋಡಿ, ಕಡೆಗೆ ಮರ್ವಿನನ ಕಡೆ ತಿರುಗಿದರು.

“ಹೌದೇನೋ? ನಾನು ತಲೆಕೆಳಗಾಗಿ ಕೇಳಿದ್ನಾ?”

ಈಗ ಮರ್ವಿನನದು ಅತ್ತ ದರಿ ಇತ್ತ ಪುಲಿ. ಹೌದೆಂದರೆ ಸಹಿ ಹೋಯಿತು. ಅಲ್ಲವೆಂದರೆ ಸುಳ್ಳು, ಅದೂ ಅಳುತ್ತ ನಕ್ಕ ಈ ಮುದುಕಿಗೆ. ಟೆರೆನ್ಸ್ ಅವನನ್ನೇ ದುರುಗುಟ್ಟುತ್ತಿದ್ದ. ಸ್ಪಿಂಕ್ಸ್ ಕಣ್ಣಲ್ಲೇ ಕತ್ತು ಹಿಸುಕುತ್ತಿದ್ದ.

“ಹೌದು ಮೇಡಂ, ನೀವು ತಪ್ಪಾಗಿ ಕೇಳಿದ್ರಿ,” ಎಂದ ಮರ್ವಿನ್. ಸ್ಪಿಂಕ್ಸ್ ಸಣ್ಣದೊಂದು ಸದ್ದು ಮಾಡಿದ. “ನಾವು ಹಾಗೆ ಯೋಚನೆ ಮಾಡಿರ್ಲಿಲ್ಲ. ಆದ್ರೆ ನೀವು ಕೇಳಿದ್ದೇ ಸರಿ. ಇನ್ಮೇಲೆ ಹಾಗೇ ಇರುತ್ತೆ.”

“ಮರ್ವಿನ್!” ಎಂದ ಟೆರೆನ್ಸ್.

“ಹಾಗೇ ಇರುತ್ತೆ, ಟೆರೆನ್ಸ್. ನಿನ್ನ ಜಾಗಟೆ ಎರಡನೇದು.”

ಬೆರಿಲ್ ಗಂಡನನ್ನು ಹೊಸಬನನ್ನು ನೋಡುವಂತೆ ನೋಡಿದಳು. ಟೆರೆನ್ಸ್ ನಕ್ಷತ್ರಗಳ ಸಮೇತ ಕುಸಿದು ಕೂತ.

ಮಿಸ್ ಡನ್‌ವುಡಿ ಕಾಗದ ಎಳೆದುಕೊಂಡು ಪೆನ್ನಿನ ಮುಚ್ಚಳ ಬಿಚ್ಚಿದರು. ನಿಬ್ಬು ಕಾಗದದಿಂದ ಒಂದು ಬೆರಳಿನಷ್ಟು ಮೇಲೆ ನಿಂತಿತು.

“ಒಂದು ಷರತ್ತು. ವಸಂತಕ್ಕೆ ನನ್ನ ಪುಸ್ತಕದ ಹೊಸ ಮುದ್ರಣ ಬರುತ್ತೆ. ಆ ಹಲಗೆ ಕಿತ್ತು ನಿನ್ನ ಎರಡು ಸಾಲು ಅಲ್ಲಿ ಹಾಕ್ತೀನಿ, ನಿನ್ನ ಹೆಸರು ಹೇಳಿ. ಕೊಡ್ತೀಯಾ?”

“ಕೊಡ್ತಾನೆ!” ಎಂದರು ಐಡಾ.

“ಕೊಟ್ಟಾಯ್ತು ಮೇಡಂ,” ಎಂದ ಸ್ಪಿಂಕ್ಸ್.

“ಕೊಡೋ ಮಾರಾಯ, ನನ್ನ ಗಾಜಿನಮನೆ ಹಾಳಾಗಿ ಹೋಗ್ಲಿ,” ಎಂದ ಹಾಬ್ಡೆ.

“ನಿಮ್ಮನ್ನ ಕೇಳ್ಲಿಲ್ಲ,” ಎಂದರು ಮಿಸ್ ಡನ್‌ವುಡಿ. “ಇವನನ್ನ ಕೇಳಿದ್ದು.”

ಮರ್ವಿನನ ಹೊತ್ತು, ಅವನ ಗ್ಯಾರೇಜು, ಅವನ ಹೌದುಗಳು, ಎಲ್ಲವನ್ನೂ ಕಂಡಕಂಡವರು ಒಯ್ದಿದ್ದರು. ‘ಕೊಡ್ತೀಯಾ’ ಎಂದು ಕೇಳಿ ಯಾರೂ ಒಯ್ದಿರಲಿಲ್ಲ. ಆ ಮಾತು ಇಷ್ಟು ರುಚಿಯಾಗಿರುತ್ತದೆಂದು ಅವನಿಗೆ ಗೊತ್ತಿರಲಿಲ್ಲ.

“ಸ್ವಲ್ಪ ಯೋಚನೆ ಮಾಡಿ ಹೇಳ್ತೀನಿ ಮೇಡಂ,” ಎಂದ.

ಸ್ಪಿಂಕ್ಸ್ ಗೋಡೆ ಹಿಡಿದುಕೊಂಡ. ಐಡಾ ಬಾಯಿ ತೆರೆದರು, ಬೆರಿಲ್ ಅಮ್ಮನ ಮೊಣಕೈ ಹಿಡಿದು ಮುಚ್ಚಿಸಿದಳು. ಮಿಸ್ ಡನ್‌ವುಡಿ ಪೆನ್ನನ್ನು ಹಾಗೇ ಹಿಡಿದು, ತಾವೇ ಅವನಿಗೊಂದು ಬಟ್ಟಲು ಟೀ ಬಗ್ಗಿಸಿ, ಸಕ್ಕರೆಯ ಬಟ್ಟಲನ್ನೂ ಮುಂದೆ ತಳ್ಳಿದರು. ಮರ್ವಿನ್ ಎರಡು ಚಮಚ ಸಕ್ಕರೆ ಹಾಕಿ, ಕದಡಿ, ಕುರ್ಚಿಗೆ ಒರಗಿ ಕೂತ. ಆರಲಿ ಎಂದು ಮೆಲ್ಲಗೆ ಊದಿದ. ಟೀ ಇನ್ನೂ ತುಂಬ ಬಿಸಿಯಿತ್ತು, ಅವನಿಗೂ ಅವಸರವಿರಲಿಲ್ಲ.